ಅನಿಮಿಷ ಕಂಡ ಬಂಡೆ

ತಾರಿಣಿಯ ಕೈಗೆ ಬಂದ ದಿನ ಆ ಕ್ಯಾಮೆರಾಕ್ಕೆ ಸರಿಯಾದ ಮೈಯೂ ಇರಲಿಲ್ಲ. ಒಂದು ಅಲ್ಯೂಮಿನಿಯಂ ಡಬ್ಬಿ, ಅದರ ಹಿಂದೊಂದು ಫ್ಯಾನು, ನೆತ್ತಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ‘೩’ ಎಂಬ ಅಂಕಿ. ಹೆಸರು ಮಾತ್ರ ಭರ್ಜರಿಯಾಗಿತ್ತು: ಅನಿಮಿಷ. ರೆಪ್ಪೆ ಬಡಿಯದ್ದು.

ಮೈಸೂರಿನ ಹೊರವಲಯದ ಪುಟ್ಟ ಪ್ರಯೋಗಾಲಯದಲ್ಲಿ ಅದನ್ನು ರೂಪಿಸಿದವರು ಐತಾಳರು. ಅರವತ್ತರ ಹತ್ತಿರದ ಭೌತವಿಜ್ಞಾನಿ. ಸಿನಿಮಾ ನೋಡುವ ಅಭ್ಯಾಸವೇ ಇಲ್ಲದ ಮನುಷ್ಯ. ಎಂಟು ಸಿನಿಮಾಗಳಿಗೆ ಛಾಯಾಗ್ರಹಣ ಮಾಡಿದ್ದ ತಾರಿಣಿಗೆ ಅವರು ಒಂದು ಮಗುವಿಗೆ ಹೇಳುವ ಹಾಗೆ ಹೇಳಿದರು.

“ನಿಮ್ಮ ಈಗಿನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ನಾಲ್ಕು ಸಲ ಕಣ್ಣು ತೆರೆದು ಮುಚ್ಚುತ್ತೆ. ಮುಚ್ಚಿದ್ದಾಗ ಏನು ನಡೀತು ಅಂತ ಅದಕ್ಕೆ ಗೊತ್ತಿಲ್ಲ. ಇದು ಮುಚ್ಚೋದೇ ಇಲ್ಲ. ಇದರ ಸೆನ್ಸರಿನಲ್ಲಿ ನಾಲ್ಕು ಕೋಟಿ ಚುಕ್ಕಿಗಳಿವೆ. ಪ್ರತಿ ಚುಕ್ಕಿಯೂ ತನ್ನ ಮೇಲೆ ಬಿದ್ದ ಬೆಳಕಿನ ಕಣಗಳನ್ನ ಒಂದೊಂದಾಗಿ ಎಣಿಸಿ, ಯಾವ ಗಳಿಗೆಯಲ್ಲಿ ಬಂತು ಅಂತ ಗುರುತು ಹಾಕಿಕೊಳ್ಳುತ್ತೆ. ಚಿತ್ರ ಮಾಡಿಕೊಳ್ಳೋದು ಆಮೇಲಿನ ಕೆಲಸ.”

“ಈ ಗುಂಡಿ ಯಾತಕ್ಕೆ ಸಾರ್?” ಡಬ್ಬಿಯ ಪಕ್ಕದಲ್ಲಿದ್ದ ತಿರುಗುಗುಂಡಿಯನ್ನು ತೋರಿಸಿ ಕೇಳಿದಳು.

ಐತಾಳರು ಸ್ವಲ್ಪ ನಾಚಿಕೊಂಡರು. “ಕ್ಯಾಮೆರಾ ಅಲುಗಿದ್ದನ್ನ ಲೆಕ್ಕ ಹಾಕಿ ಕಳೆಯೋಕೆ ಅಂತ ಮಾಡಿದ್ದು. ಎದುರಿಗಿರೋ ವಸ್ತು ಅಲುಗಿದ್ದನ್ನ ಹಿಗ್ಗಿಸಿ ತೋರಿಸೋಕೂ ಬರುತ್ತೆ ಅಂತ ಆಮೇಲೆ ಗೊತ್ತಾಯ್ತು. ನಮಗೆ ಅದರ ಉಪಯೋಗ ಗೊತ್ತಿಲ್ಲ. ನೀವು ಕಂಡುಹಿಡಿದರೆ ಹೇಳಿ.”

ಅವರು ಮೇಜಿನ ಮೇಲಿನ ನೀರಿನ ಲೋಟವನ್ನು ತೆರೆಯ ಮೇಲೆ ತೋರಿಸಿ ಗುಂಡಿ ತಿರುಗಿಸಿದರು. ಕಣ್ಣಿಗೆ ನಿಶ್ಚಲವಾಗಿದ್ದ ನೀರು ತೆರೆಯ ಮೇಲೆ ಕುಣಿಯತೊಡಗಿತು. ಕಿಟಕಿಯಾಚೆ ಬಸ್ಸೊಂದು ಹಾದುಹೋದಾಗ ಇಡೀ ಗೋಡೆ ಜೋಲಿಯ ಹಾಗೆ ತೂಗಿತು.

ಐದು ಮಾದರಿಗಳು ಐವರು ಛಾಯಾಗ್ರಾಹಕರ ಕೈ ಸೇರಿದ್ದವು. ಒಂದು ಕಛ್‌ನ ಉಪ್ಪಿನ ಬಯಲಿಗೆ, ಒಂದು ಹಿಮಾಲಯಕ್ಕೆ, ಒಂದು ಮೀನುದೋಣಿಯ ಮೇಲೆ. ನಿಬಂಧನೆ ಒಂದೇ. ಹತ್ತು ದಿನ ಏನನ್ನಾದರೂ ಚಿತ್ರೀಕರಿಸಿ, ಎಲ್ಲೆಲ್ಲಿ ಕೈಕೊಡುತ್ತದೋ ಬರೆದು ಕಳಿಸಿ. ತಾರಿಣಿ ಆರಿಸಿಕೊಂಡದ್ದು ಬಾಗಲಕೋಟೆ ಸೀಮೆಯ ಹಿರೇಪಡಿ ಎಂಬ ಊರನ್ನು. ಕೆಂಪು ಕಲ್ಲಿನ ಕಡಿದಾದ ಗುಡ್ಡ, ಅದರ ಬುಡಕ್ಕೇ ಅಂಟಿಕೊಂಡ ನೇಕಾರರ ಓಣಿ, ಎದುರಿಗೊಂದು ಹೊಂಡ. ಆ ಕಲ್ಲಿನ ಕೆಂಪನ್ನೂ ಓಣಿಯಲ್ಲಿ ನೇಯುವ ಕುಪ್ಪಸದ ಖಣದ ರೇಷ್ಮೆಯ ಮಿಂಚನ್ನೂ ಒಟ್ಟಿಗೆ ಹಿಡಿಯಲು ಬರುವ ಕ್ಯಾಮೆರಾ ಅವಳಿಗೆ ಈವರೆಗೆ ಸಿಕ್ಕಿರಲಿಲ್ಲ.

ಜೊತೆಗೆ ಬಂದವನು ದಸ್ತಗೀರ್ ನದಾಫ್. ಹುಬ್ಬಳ್ಳಿಯವನು, ಇಪ್ಪತ್ತೆರಡು ವರ್ಷದಿಂದ ಫೋಕಸ್ ಹಿಡಿಯುವವನು. ನಟ ಒಂದು ಹೆಜ್ಜೆ ಮುಂದೆ ಬಂದರೆ ಲೆನ್ಸಿನ ಬಳೆಯನ್ನು ಎಷ್ಟು ತಿರುಗಿಸಬೇಕು ಎಂಬುದು ಅವನ ಬೆರಳಿಗೆ ಗೊತ್ತಿತ್ತು. ಟೇಪು ಹಿಡಿಯದೆಯೇ ದೂರ ಹೇಳುತ್ತಿದ್ದ, ಒಂದು ಗೇಣೂ ತಪ್ಪುತ್ತಿರಲಿಲ್ಲ. ಹೊಸ ಯಂತ್ರಗಳ ಬಗ್ಗೆ ಅವನಿಗೆ ಗುಮಾನಿ ಇತ್ತು.

“ಮೇಡಂ, ಇದು ಎಲ್ಲಾ ಕಾಣತೈತಿ ಅಂತಾರ. ಅಂದ್ರ ಇಲ್ಲದ್ದೂ ಕಾಣತೈತೇನೋ,” ಎಂದ ಮೊದಲ ದಿನವೇ.

ಅವರು ಇಳಿದುಕೊಂಡದ್ದು ಬನಪ್ಪ ಚಿಲ್ಲಾಳ ಎಂಬ ನೇಕಾರನ ಮನೆಯಲ್ಲಿ. ಗುಡ್ಡಕ್ಕೆ ಬೆನ್ನು ಕೊಟ್ಟ ಮನೆ. ಒಳಗೆ ನೆಲ ತೋಡಿ ಕೂರಿಸಿದ ಎರಡು ಕುಣಿಮಗ್ಗ. ಒಂದರಲ್ಲಿ ಬನಪ್ಪ ಕಾಲಿಳಿಬಿಟ್ಟು ಕೂರುತ್ತಿದ್ದ, ಇನ್ನೊಂದರಲ್ಲಿ ಅವನ ಹೆಂಡತಿ ಸಂಗವ್ವ. ಮಾತು ಕಡಿಮೆ, ಕಣ್ಣು ಚುರುಕು. ಹರಿದ ಎಳೆಯನ್ನು ಆಚೆ ಮಗ್ಗದಿಂದಲೇ ಗುರುತಿಸಿ ಗಂಡನಿಗೆ ಕೂಗಿ ಹೇಳುವವಳು.

ಮೊದಲ ನಾಲ್ಕು ದಿನ ಹಬ್ಬದ ಹಾಗಿದ್ದವು. ಅನಿಮಿಷದ ಮುಂದೆ ಲಾಳಿ ಹಾಸಿನ ಉದ್ದೆಳೆಗಳ ನಡುವೆ ಹಾರಿಹೋಗುವುದು ನೀರಿನಲ್ಲಿ ಮೀನು ಸಾಗಿದ ಹಾಗೆ ನಿಧಾನವಾಗಿ ಕಂಡಿತು. ಒಂದೊಂದು ಎಳೆಯೂ ಪಕ್ಕದ ಎಳೆಗೆ ತಾಕಿ ಮಿಡಿಯುವುದು ಕಂಡಿತು. ಬನಪ್ಪ ತನ್ನ ಕೈಯನ್ನೇ ತೆರೆಯ ಮೇಲೆ ನೋಡಿ, “ಮೂವತ್ತೈದು ವರ್ಷ ಆತು ನೇಯಾಕತ್ತು, ಹೆಬ್ಬಟ್ಟ ಹಿಂಗ ತಿರುಗತೈತಿ ಅಂತ ಇವತ್ತ ಗೊತ್ತಾತ ನೋಡ್ರಿ,” ಎಂದ. ತಾರಿಣಿ ದಿನಕ್ಕೆರಡು ಸಲ ಐತಾಳರಿಗೆ ಫೋನು ಮಾಡಿ, ಉಸಿರು ಬಿಡದೆ ಮಾತಾಡುತ್ತಿದ್ದಳು.

ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಸಂಗವ್ವನ ಮುಖವನ್ನು ಹಿಡಿದು ತಾರಿಣಿ ಗುಂಡಿ ತಿರುಗಿಸಿದಳು. ಕೆನ್ನೆಯ ಮೇಲೆ ಕೆಂಪು ಏರಿ ಇಳಿಯುತ್ತಿತ್ತು, ಕತ್ತಿನ ನರ ಹಕ್ಕಿಯ ಎದೆಯ ಹಾಗೆ ಬಡಿಯುತ್ತಿತ್ತು. ಸಂಗವ್ವ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು.

“ಇದು ನಿಂತ್ರ ನಾ ಹ್ವಾದಂಗಲ್ರೀ ಅಕ್ಕಾರ?”

“ಹೌದು ಸಂಗವ್ವಾರೆ. ನಿಮ್ಮ ಎದೆಬಡಿತ ಅದು.”

ಅವಳು ಸ್ವಲ್ಪ ಹೊತ್ತು ನೋಡಿ, “ಗಟ್ಟಿ ಐತಿ ಬಿಡ್ರಿ,” ಎಂದು ಒಲೆಯ ಕಡೆ ಹೋದಳು.

ಪ್ರತಿದಿನ ಬೆಳಿಗ್ಗೆ ಹೊಂಡದ ದಂಡೆಯ ಮೇಲೆ ಕ್ಯಾಮೆರಾ ಇಟ್ಟು, ಗುಡ್ಡದ ಮೇಲೆ ಬಿಸಿಲು ಇಳಿಯುವುದನ್ನೂ ಅವರು ಚಿತ್ರಿಸುತ್ತಿದ್ದರು. ಸಂಜೆ ಅದೇ ಜಾಗದಿಂದ ಬಿಸಿಲು ಜಾರುವುದನ್ನು. ಗುಡ್ಡಕ್ಕೂ ದಂಡೆಗೂ ತೊಂಬತ್ತು ಮೀಟರು. ಐದನೆಯ ದಿನ ಬೆಳಗಿನ ಚಿತ್ರದಲ್ಲಿ ಬಿಸಿಗಾಳಿಯ ನಡುಕವನ್ನು ಕಳೆಯಲೆಂದು ತಾರಿಣಿ ಗುಂಡಿಗೆ ಕೈ ಹಾಕಿದಳು. ಕೈ ತಪ್ಪಿ ಗುಂಡಿ ಹಿಗ್ಗಿಸುವ ಬದಿಗೆ ತಿರುಗಿತು.

ಇಡೀ ಗುಡ್ಡ ನಿಂತಲ್ಲೇ ನಿಂತಿತ್ತು. ಆದರೆ ನಡುಭಾಗದಲ್ಲಿ, ಮೂರಂತಸ್ತಿನ ಮನೆಯಷ್ಟು ದೊಡ್ಡ ಒಂದು ಹಾಳೆಗಲ್ಲು ಮಾತ್ರ ಸಣ್ಣಗೆ ನಡುಗುತ್ತಿತ್ತು.

“ಸ್ಟ್ಯಾಂಡು ಅಲುಗಿರಬೇಕು,” ಎಂದಳು ತಾರಿಣಿ.

“ಸ್ಟ್ಯಾಂಡ್ ಅಲುಗಿದ್ರ ಗುಡ್ಡ ಎಲ್ಲಾ ಅಲುಗಬೇಕಲ್ರಿ,” ಎಂದ ದಸ್ತಗೀರ್. ಆದರೂ ಅವನು ಸ್ಟ್ಯಾಂಡಿನ ಕಾಲುಗಳಿಗೆ ಮರಳಿನ ಚೀಲ ಕಟ್ಟಿದ, ಇಪ್ಪತ್ತು ಹೆಜ್ಜೆ ಆಚೆ ಇಟ್ಟು ಇನ್ನೊಮ್ಮೆ ತೆಗೆದ. ಕಲ್ಲು ನಡುಗುತ್ತಲೇ ಇತ್ತು. ಅವನು ತಲೆ ವಾಲಿಸಿ ಓಣಿಯ ಸದ್ದಿಗೆ ಕಿವಿಗೊಟ್ಟ. ನಲವತ್ತು ಮನೆಗಳಿಂದ ಮಗ್ಗದ ಬಡಿತ ಕೇಳುತ್ತಿತ್ತು.

“ಮಗ್ಗ ನಿಲ್ಲಿಸಿ ನೋಡೋಣ್ರಿ.”

ಬನಪ್ಪನಿಗೆ ಇದು ತಮಾಷೆಯಾಗಿ ಕಂಡಿತು. ಓಣಿಯ ಮನೆಮನೆಗೆ ಹೋಗಿ, “ಸಿನಿಮಾದವ್ರು ಗುಡ್ಡದ ಎದಿ ಪರೀಕ್ಷಾ ಮಾಡ್ತಾರಂತ, ಒಂದು ತಾಸು ಸುಮ್ನ ಕುಂದರ್ರಿ,” ಎಂದು ಹೇಳಿಬಂದ. ಮಗ್ಗಗಳು ನಿಂತವು. ಕಲ್ಲಿನ ನಡುಕವೂ ನಿಂತಿತು. ನೋಡುತ್ತಿದ್ದವರಿಗೆ ಖುಷಿಯೋ ಖುಷಿ, ತಮ್ಮ ಕೈ ಗುಡ್ಡವನ್ನೇ ಅಲುಗಿಸುತ್ತದೆ ಎಂದು.

ತಾರಿಣಿ ಮಾತ್ರ ತೆರೆಯಿಂದ ಕಣ್ಣು ಕೀಳಲಿಲ್ಲ. ನಡುಕ ನಿಂತ ಮೇಲೆ ಅದರಡಿ ಅಡಗಿದ್ದ ಇನ್ನೊಂದು ಚಲನೆ ಕಾಣತೊಡಗಿತ್ತು. ಬಿಸಿಲು ಏರಿದ ಹಾಗೆ ಕಲ್ಲು ತೀರ ನಿಧಾನವಾಗಿ ಓಣಿಯ ಕಡೆಗೆ ಬಾಗುತ್ತಿತ್ತು. ಸಂಜೆ ತಂಪಾದಾಗ ಹಿಂದೆ ಸರಿಯಿತು. ಪೂರ್ತಿ ಸರಿಯಲಿಲ್ಲ.

ಐದು ದಿನಗಳ ಬೆಳಗಿನ, ಸಂಜೆಯ ಚಿತ್ರಗಳೆಲ್ಲ ಮೈಸೂರಿಗೆ ಹೋದವು. ಮರುದಿನ ಐತಾಳರ ಫೋನು ಬಂತು. ಅವರ ದನಿ ಬದಲಾಗಿತ್ತು.

“ತಾರಿಣಿಯವರೇ, ಆ ಕಲ್ಲು ಹಿಂಬದಿಯ ಬಂಡೆಯಿಂದ ಬಿಟ್ಟುಕೊಂಡಿದೆ. ಅದಕ್ಕೇ ಮಗ್ಗದ ಬಡಿತಕ್ಕೆ ಅದೊಂದೇ ನಡುಗೋದು. ಬಿಸಿಲಿಗೆ ಹಿಗ್ಗಿ ಮುಂದೆ ಬರುತ್ತೆ, ತಂಪಿಗೆ ಹಿಂದೆ ಹೋಗುತ್ತೆ. ಪ್ರತಿದಿನ ಸ್ವಲ್ಪ ಮುಂದೇನೇ ಉಳಿದುಬಿಡುತ್ತೆ. ಮೊದಲನೇ ದಿನ ಉಳಿದದ್ದು ಕೂದಲಿನಷ್ಟು. ನಿನ್ನೆ ಅದರ ಐದು ಪಟ್ಟು. ಇದೇ ಗತಿಯಲ್ಲಿ ಲೆಕ್ಕ ಹಾಕಿದರೆ ಭಾನುವಾರ ಬಿಸಿಲೇರಿದ ಮೇಲೆ ತಡೆಯೋದಿಲ್ಲ. ಒಂದೆರಡು ದಿನ ಆಚೀಚೆ ಆಗಬಹುದು.”

ಅಂದು ಗುರುವಾರ.

“ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು,” ಎಂದರು ಐತಾಳರು. “ಕಛ್‌ಗೆ ಹೋದ ಕ್ಯಾಮೆರಾದಿಂದ ದೂರು ಬಂದಿದೆ. ಸೆನ್ಸರ್ ಬಿಸಿಯಾದಾಗ ಇಲ್ಲದ ಚಲನೆಯನ್ನ ತೋರಿಸ್ತಂತೆ. ನಿಮ್ಮದೂ ಹಾಗೇ ಸುಳ್ಳು ಹೇಳ್ತಿಲ್ಲ ಅಂತ ನಾನು ಪ್ರಮಾಣ ಮಾಡಲಾರೆ.”

ತಾರಿಣಿ ಫೋನನ್ನು ಮಡಿಲಲ್ಲಿಟ್ಟುಕೊಂಡು ದಂಡೆಯ ಮೇಲೆ ಕುಳಿತಳು. ಆಮೇಲೆ ಎದ್ದು ತಹಶೀಲ್ದಾರರ ಕಚೇರಿಗೆ ಹೋಗಿ ಎಲ್ಲ ಹೇಳಿದಳು. ತಹಶೀಲ್ದಾರರಾದ ಕಟ್ಟೀಮನಿ ಮೇಡಂ ಮಧ್ಯವಯಸ್ಸಿನ ಸಮಾಧಾನದ ಹೆಂಗಸು. ಪೂರ್ತಿ ಕೇಳಿದರು.

“ಭೂವಿಜ್ಞಾನದವರಿಗೆ ಈಗಲೇ ಬರೀತೀನಿ. ಅವರು ಬರೋದು ಮಂಗಳವಾರ. ಅಲ್ಲಿವರೆಗೂ ನಲವತ್ತು ಮನಿ ಖಾಲಿ ಮಾಡಸ್ರಿ ಅಂತೀರಿ. ಹೊಸಾ ಕ್ಯಾಮೆರಾ, ಅದೂ ಪರೀಕ್ಷಾದಾಗ ಇರೋದು. ಅದನ್ನ ಮಾಡಿದವರೇ ಗ್ಯಾರಂಟಿ ಇಲ್ಲ ಅಂತಾರ. ಜನರ ಮುಂದ ನಾ ಏನಂತ ಹೇಳಲಿ? ಕಣ್ಣಿಗೆ ಕಾಣೋ ಹಂಗ ಏನರೆ ತೋರಸ್ರಿ, ಅರ್ಧ ತಾಸಿನ್ಯಾಗ ಬರ್ತೀನಿ.”

ಓಣಿಯಲ್ಲೂ ಅದೇ ಆಯಿತು. ತೆರೆಯ ಮೇಲೆ ಬಾಗುವ ಕಲ್ಲನ್ನು ನೋಡಿದವರು ತಲೆಯೆತ್ತಿ ನಿಜವಾದ ಕಲ್ಲನ್ನು ನೋಡಿದರು. ಅದು ಅವರ ಅಜ್ಜಂದಿರ ಕಾಲದಲ್ಲಿ ನಿಂತಂತೆಯೇ ನಿಂತಿತ್ತು.

“ಹಾಸು ಏರಿಸೇವ್ರಿ. ನಡುವ ಬಿಚ್ಚಿದ್ರ ಎಳಿ ಎಲ್ಲಾ ಸಿಕ್ಕು,” ಎಂದ ಬನಪ್ಪ. “ಸಿನಿಮಾದಾಗ ಏನ ಬೇಕಾದ್ರೂ ತೋರಸ್ತಾರ ಅಂತಾರ್ರಿ ಮಂದಿ. ನಾ ಅನ್ನಾಂಗಿಲ್ಲ, ಮಂದಿ ಅಂತಾರ.”

ದಾರಿ ಹುಡುಕಿದವನು ದಸ್ತಗೀರ್. ಅವನು ಲೆನ್ಸ್ ಪೆಟ್ಟಿಗೆ ತೆಗೆದು ಅದರಲ್ಲಿದ್ದ ಚೌಕಾಕಾರದ ಗಾಜಿನ ಫಿಲ್ಟರುಗಳನ್ನು ಸಾಲಾಗಿ ಇಟ್ಟ. ಒಂದೊಂದೂ ತಾರಿಣಿ ವರ್ಷಗಟ್ಟಲೆ ಹುಡುಕಿ ತಂದುಕೊಂಡದ್ದು.

“ಗೋಡಿ ಬಿರುಕು ಬಿಟ್ರ ಗೌಂಡಿಗಳು ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಅಂಟಸ್ತಾರ್ರಿ ಮೇಡಂ. ಗೋಡಿ ಸರದ್ರ ಗಾಜು ಒಡೀತೈತಿ. ಗಾಜಿಗೆ ಬಿಸಿಲಿನ ಭ್ರಮಾ ಇಲ್ಲ.”

“ಕತ್ತರಿಸು,” ಎಂದಳು ತಾರಿಣಿ.

ಗಾಜು ಕತ್ತರಿಸುವವನನ್ನು ಊರಿನಲ್ಲೇ ಹುಡುಕಿ ಆರು ಪಟ್ಟಿ ಮಾಡಿಸಿದರು. ಶುಕ್ರವಾರ ಸಂಜೆ ಬಿಸಿಲು ಇಳಿಯುತ್ತಿದ್ದಂತೆ ದಸ್ತಗೀರ್, ಬನಪ್ಪ ಇಬ್ಬರೂ ಹಿಂಬದಿಯ ಮೆಟ್ಟಿಲು ದಾರಿಯಿಂದ ಗುಡ್ಡ ಹತ್ತಿದರು. ಕುರುಚಲು ಗಿಡಗಳ ಸಂದಿಯಲ್ಲಿ ಬೆರಳು ತೂರುವಷ್ಟು ಬಿರುಕು ಇತ್ತು. ಬನಪ್ಪ ಒಂದು ಹರಳು ಎತ್ತಿ ಒಳಗೆ ಬಿಟ್ಟ. ಅದು ಟಕ್ ಟಕ್ ಎನ್ನುತ್ತ ಬಹಳ ಹೊತ್ತು ಇಳಿಯಿತು. ಅವನ ಮುಖದಲ್ಲಿದ್ದ ತಮಾಷೆ ಅಲ್ಲಿಗೆ ಹೋಯಿತು. ಬಿರುಕಿಗೆ ಅಡ್ಡಲಾಗಿ ಮೂರು ಪಟ್ಟಿ ಅಂಟಿಸಿದರು. ಉಳಿದ ಮೂರನ್ನು ಅನಿಮಿಷ ‘ನಿಂತಿದೆ’ ಎಂದು ತೋರಿಸಿದ್ದ ಬಂಡೆಗಳ ಮೇಲೆ, ಹಳೆಯ ಗೀರುಗಳಿಗೆ ಅಡ್ಡಲಾಗಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಓಣಿಯ ಹದಿನೈದು ಜನ ಅವರ ಹಿಂದೆ ಹತ್ತಿದರು. ಬಿರುಕಿನ ಮೇಲಿನ ಮೂರೂ ಗಾಜು ನಡುವಿಗೆ ಸೀಳಿದ್ದವು. ಉಳಿದ ಮೂರು ಬಿಸಿಲಿಗೆ ಹೊಳೆಯುತ್ತ ಹಾಗೇ ಇದ್ದವು. ಸಂಗವ್ವ ಬಗ್ಗಿ ಸೀಳಿದ ಗಾಜನ್ನು ಉಗುರಿನಿಂದ ಮುಟ್ಟಿ ನೋಡಿದಳು. ಎದ್ದು ನಿಂತು ಗಂಡನಿಗೆ ಒಂದೇ ಮಾತು ಹೇಳಿದಳು.

“ಹಾಸು ಬಿಚ್ಚೋಣ ನಡೀರಿ.”

ಕಟ್ಟೀಮನಿ ಮೇಡಂ ಹೇಳಿದಂತೆ ಬಂದರು. ಗಾಜು ನೋಡಿ ಅಲ್ಲೇ ನಿಂತು ಆದೇಶ ಕೊಟ್ಟರು. ಆ ಮಧ್ಯಾಹ್ನ ಓಣಿ ಕಂಡದ್ದನ್ನು ತಾರಿಣಿ ಆಮೇಲೂ ಮರೆಯಲಿಲ್ಲ. ಬಿಚ್ಚಿ ಸುತ್ತಿದ ರೇಷ್ಮೆ ಹಾಸುಗಳನ್ನು ಇಬ್ಬಿಬ್ಬರು ಹೆಗಲ ಮೇಲೆ ಹೊತ್ತು ಶಾಲೆಯ ಕಡೆ ನಡೆದರು. ಕೆಂಪು, ಹಸಿರು, ಕುಸುಬೆ ಬಣ್ಣದ ಮೆರವಣಿಗೆ. ಎಳೆ ಎಲ್ಲೂ ನೆಲಕ್ಕೆ ತಾಕದಂತೆ ಮುದುಕಿಯರು ಕೆಳಗೆ ಸೆರಗು ಹಿಡಿದು ನಡೆಯುತ್ತಿದ್ದರು.

ಭಾನುವಾರ ಬಂತು. ಎಂಟು, ಒಂಬತ್ತು, ಹತ್ತು, ಹನ್ನೆರಡು. ಶಾಲೆಯ ಅಂಗಳದಲ್ಲಿ ಎಲ್ಲರೂ ಗುಡ್ಡದ ಕಡೆ ಮುಖ ಮಾಡಿ ಕುಳಿತಿದ್ದರು. ಮೋಡ ಕವಿದಿತ್ತು. ಸಂಜೆಯವರೆಗೂ ಬಿಸಿಲು ಬೀಳಲಿಲ್ಲ, ಕಲ್ಲೂ ಬೀಳಲಿಲ್ಲ. ಸೋಮವಾರ ಬೆಳಿಗ್ಗೆಯೂ ಮೋಡ. ಜನ ಗೊಣಗತೊಡಗಿದರು. ಮಧ್ಯಾಹ್ನ ಒಂದಿಷ್ಟು ಮಂದಿ ಒಲೆ ಹಚ್ಚಲೆಂದು, ಕೋಳಿಗೆ ಕಾಳು ಹಾಕಲೆಂದು ಓಣಿಗೆ ಇಳಿದರು. ಪೊಲೀಸಿನವನೊಬ್ಬ ತಡೆಯಲು ನೋಡಿ ಸುಮ್ಮನಾದ. ಬನಪ್ಪ ಮಾತ್ರ ತಾರಿಣಿ ಕೊಟ್ಟಿದ್ದ ವಾಕಿಟಾಕಿ ಹಿಡಿದು, ಓಣಿಯ ಬಾಯಲ್ಲಿ ನಿಂತು, ಒಳಹೋದವರನ್ನು ಬೆರಳಲ್ಲಿ ಎಣಿಸುತ್ತಿದ್ದ.

ಎರಡೂವರೆಗೆ ಮೋಡ ಬಿಚ್ಚಿತು. ಎರಡು ದಿನ ತಂಪಾಗಿದ್ದ ಕಲ್ಲಿನ ಮೇಲೆ ಒಮ್ಮೆಲೇ ರಣಬಿಸಿಲು ಬಿತ್ತು.

ದಂಡೆಯ ಮೇಲೆ ಅನಿಮಿಷ ಓಡುತ್ತಿತ್ತು. ಬಿಸಿಲಿಗೆ ಸೆನ್ಸರ್ ಸುಳ್ಳು ಹೇಳೀತೆಂದು ತಾರಿಣಿ ಹಿಗ್ಗಿಸುವ ಗುಂಡಿಯನ್ನು ಸೊನ್ನೆಗೆ ತಂದು ಬರಿಯ ಚಿತ್ರವನ್ನು ನೋಡುತ್ತಿದ್ದಳು. ದಸ್ತಗೀರ್ ಉದ್ದ ಲೆನ್ಸಿನ ಬಳೆಯ ಮೇಲೆ ಬೆರಳಿಟ್ಟು ಕಲ್ಲಿನ ನೆತ್ತಿಯಲ್ಲಿದ್ದ ಒಂದು ಕಳ್ಳಿಗಿಡಕ್ಕೆ ಫೋಕಸ್ ಹಿಡಿದಿದ್ದ. ಮೂರೂಕಾಲರ ಹೊತ್ತಿಗೆ ಅವನು ಹುಬ್ಬು ಗಂಟಿಕ್ಕಿದ. ಬಳೆ ಸ್ವಲ್ಪ ತಿರುಗಿಸಿದ. ಇನ್ನೊಂದು ನಿಮಿಷಕ್ಕೆ ಮತ್ತೆ ತಿರುಗಿಸಿದ.

“ಮೇಡಂ,” ಎಂದ ಮೆಲ್ಲಗೆ. “ಗಿಡ ಮಸಕಾಗಾಕತ್ತೈತಿ.”

“ಗಾಳಿ ಇರಬೇಕು.”

“ಗಾಳಿ ಅಲ್ರಿ. ನಾ ಒಂದು ಗೇಣು ಈ ಕಡೆ ತಂದೀನಿ ಫೋಕಸ್, ಈಗ ಮತ್ತ ಮಸಕು. ಕಲ್ಲು ನಮ್ಮ ಕಡೆ ಬರಾಕತ್ತೈತಿ.”

ತಾರಿಣಿ ಅವನ ಬೆರಳನ್ನು ನೋಡಿದಳು. ಇಪ್ಪತ್ತೆರಡು ವರ್ಷ ತಪ್ಪದ ಬೆರಳು. ಮೈಸೂರಿಗೆ ಫೋನು ಮಾಡಲಿಲ್ಲ, ಲೆಕ್ಕ ಕೇಳಲಿಲ್ಲ. ವಾಕಿಟಾಕಿ ಎತ್ತಿಕೊಂಡಳು.

“ಬನಪ್ಪನವರೇ, ಎಷ್ಟು ಜನ ಒಳಗಿದ್ದಾರೆ?”

“ಹದಿನಾಲ್ಕು ಮಂದಿ ಅದಾರ್ರಿ.”

“ಎಲ್ಲರನ್ನೂ ಹೊರಗೆ ಕರೀರಿ. ಈಗಲೇ. ಏನೂ ಎತ್ತಿಕೊಳ್ಳೋದು ಬೇಡ.”

ಬನಪ್ಪ ಓಣಿಯುದ್ದಕ್ಕೂ ಓಡಿದ. ಒಂದೊಂದು ಬಾಗಿಲಿಗೂ ಕೈಯಿಂದ ಬಡಿದು ಹೆಸರು ಹಿಡಿದು ಕೂಗಿದ. ದಂಡೆಯ ಮೇಲಿಂದ ತಾರಿಣಿ ಒಬ್ಬೊಬ್ಬರು ಹೊರಬರುವುದನ್ನು ಎಣಿಸಿದಳು. ಐದು. ಒಂಬತ್ತು. ಹನ್ನೆರಡು. ಹಿಟ್ಟಿನ ಕೈಯವಳೊಬ್ಬಳು, ಕೋಳಿ ಬಗಲಲ್ಲಿ ಅವುಚಿಕೊಂಡವನೊಬ್ಬ. ಹದಿಮೂರು. ಬನಪ್ಪ ಮತ್ತೆ ಒಳಗೆ ಓಡಿದ. ಪಕ್ಕದಲ್ಲಿ ಸಂಗವ್ವ ಬಂದು ನಿಂತದ್ದು ತಾರಿಣಿಗೆ ಗೊತ್ತಾಗಲಿಲ್ಲ. ಕಿವಿ ಕೇಳದ ಮುದುಕನೊಬ್ಬನನ್ನು ಬೆನ್ನಮೇಲೆ ಹೊತ್ತುಕೊಂಡು ಬನಪ್ಪ ಓಣಿಯ ಬಾಯಿ ದಾಟಿದಾಗ ಮೂರೂ ಇಪ್ಪತ್ತೆರಡು.

ಮೂರೂ ಇಪ್ಪತ್ತೊಂಬತ್ತಕ್ಕೆ ಕಲ್ಲು ಬಿತ್ತು.

ಮೊದಲು ಸದ್ದೇ ಇರಲಿಲ್ಲ. ಅಷ್ಟು ದೊಡ್ಡದು ಬಾಗಿಲು ತೆರೆದ ಹಾಗೆ ಸುಮ್ಮನೆ ತೆರೆದುಕೊಂಡಿತು. ಆಮೇಲೆ ನೆಲ ಗುದ್ದಿತು, ಕೆಂಪು ಧೂಳು ಹೊಂಡದ ನೀರನ್ನೂ ದಂಡೆಯನ್ನೂ ನುಂಗಿಕೊಂಡು ಬಂತು. ದಸ್ತಗೀರ್ ಕಣ್ಣು ಮುಚ್ಚಿ, ಬಳೆ ಮಾತ್ರ ಬಿಡದೆ ನಿಂತಿದ್ದ. ಧೂಳು ಇಳಿದಾಗ ಹನ್ನೊಂದು ಮನೆಗಳು ಇರಲಿಲ್ಲ. ಬನಪ್ಪನ ಮನೆ ಅವುಗಳಲ್ಲೊಂದು.

ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಜನ ಮತ್ತೆ ಮತ್ತೆ ತಮ್ಮವರನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕಟ್ಟೀಮನಿ ಮೇಡಂ ಶಾಲೆಯ ಕಟ್ಟೆಯ ಮೇಲೆ ಕುಳಿತು ಹೆಸರುಗಳನ್ನು ಮೂರು ಸಲ ಓದಿಸಿದರು. ಮೂರು ಸಲವೂ ಎಲ್ಲರೂ ‘ಅದೀನ್ರಿ’ ಎಂದರು. ತಾರಿಣಿ ದಂಡೆಯ ಮೇಲೆ ಕುಳಿತು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ದನಿಯಲ್ಲಿ ಐತಾಳರಿಗೆ ಸುದ್ದಿ ಹೇಳಿದಳು. ಕಲ್ಲು ಬಿದ್ದ ಗಳಿಗೆಯನ್ನು ಅವರು ಎರಡು ಸಲ ಕೇಳಿ ಬರೆದುಕೊಂಡರು. ಆಮೇಲೆ, “ನಾನೇ ಹೊರಟುಬರ್ತೀನಿ,” ಎಂದರು.

ಮಂಗಳವಾರ ಅವರು ಬಂದಾಗ ಭೂವಿಜ್ಞಾನದ ಇಬ್ಬರು ಅಧಿಕಾರಿಗಳೂ ಬಂದಿದ್ದರು. ಮೂವರೂ ಅನಿಮಿಷದ ತೆರೆಯ ಮುಂದೆ ಊಟ ಮರೆತು ಕುಳಿತರು. ಉಳಿದ ಇಪ್ಪತ್ತೊಂಬತ್ತು ಮನೆಗಳವರಿಗೆ ಒಂದೇ ಪ್ರಶ್ನೆ: ಮನೆಗೆ ಹೋಗಬಹುದೇ? ಉಳಿದ ಗುಡ್ಡವನ್ನು ಗೇಣು ಗೇಣಾಗಿ ನೋಡದೆ ಹೇಳಲಾಗದು, ಅದಕ್ಕೆ ವಾರಗಳು ಬೇಕು ಎಂದರು ಅಧಿಕಾರಿಗಳು. ತಾರಿಣಿಯ ಹತ್ತು ದಿನ ಅಂದಿಗೆ ಮುಗಿದಿತ್ತು. ಮುಂದಿನ ವಾರದಿಂದ ಬೇರೊಂದು ಸಿನಿಮಾದ ಚಿತ್ರೀಕರಣವಿತ್ತು.

“ಕ್ಯಾಮೆರಾ ಇಲ್ಲೇ ಇರಲಿ,” ಎಂದರು ಐತಾಳರು. “ಆದರೆ ದಿನಾ ಕೂತು ನೋಡೋರು ಬೇಕಲ್ಲ. ಬಿಸಿಲಿನ ನಡುಕ ಯಾವುದು, ಕಲ್ಲಿನದು ಯಾವುದು ಅಂತ ಬೇರೆ ಮಾಡಬಲ್ಲ ಕಣ್ಣು ಬೇಕು.”

ಶಾಲೆಯ ಕಂಬಕ್ಕೆ ಒರಗಿ ನಿಂತಿದ್ದ ಸಂಗವ್ವ ಮುಂದೆ ಬಂದಳು.

“ನಾ ನೋಡ್ತೀನ್ರಿ. ಮನಿ ಇಲ್ಲ, ಮಗ್ಗ ಇಲ್ಲ. ಕಣ್ಣು ಅದಾವು.”

ದಸ್ತಗೀರ್ ಎರಡು ದಿನ ಅವಳ ಪಕ್ಕ ಕುಳಿತು ಕಲಿಸಿದ. ಮೂರನೆಯ ದಿನ ಅವಳೇ ಅವನ ಕೈ ಸರಿಸಿ ಬಳೆ ಹಿಡಿದಳು. ಪ್ರತಿದಿನ ಬೆಳಿಗ್ಗೆ, ಸಂಜೆ ಗುಡ್ಡದ ಒಂದೊಂದು ತುಂಡನ್ನು ನೋಡಿ, ಶಾಲೆಯ ಹುಡುಗರ ನೋಟುಬುಕ್ಕಿನಲ್ಲಿ ಬರೆದಿಟ್ಟಳು. ಅಧಿಕಾರಿಗಳು ಅದನ್ನು ತಮ್ಮ ಅಳತೆಗಳ ಜೊತೆ ತಾಳೆ ನೋಡಿದರು. ಒಂದೆಡೆ ಕಲ್ಲು ಸಡಿಲವಾಗಿದೆ ಎಂದು ಅವಳು ಗುರುತಿಸಿದ ಜಾಗವನ್ನು ಕಬ್ಬಿಣದ ಸರಳು ಹೊಡೆದು ಬಿಗಿದರು. ತಾರಿಣಿ ಬೆಂಗಳೂರಿನ ಸೆಟ್ಟಿನಿಂದ ದಿನವೂ ಫೋನು ಮಾಡಿ ಕೇಳುತ್ತಿದ್ದಳು.

ಕಲ್ಲು ಬಿದ್ದ ಇಪ್ಪತ್ತೊಂದನೆಯ ದಿನ ಬಿಡುವು ಮಾಡಿಕೊಂಡು ಅವಳೇ ಹಿರೇಪಡಿಗೆ ಬಂದಳು. ಬೆಳಗಿನ ಬಿಸಿಲು ಗುಡ್ಡದ ಮೇಲೆ ಪೂರ್ತಿ ಇಳಿದಿತ್ತು. ಅಧಿಕಾರಿಗಳು ತಮ್ಮ ವರದಿಗೆ ಸಹಿ ಹಾಕಿ ಆಗಿತ್ತು. ಆದರೂ ಇಪ್ಪತ್ತೊಂಬತ್ತು ಮನೆಗಳ ಜನ ಹಾಸುಗಳನ್ನು ಹೆಗಲಿಗೇರಿಸಿಕೊಂಡು ಓಣಿಯ ಬಾಯಲ್ಲೇ ನಿಂತಿದ್ದರು, ಕಣ್ಣೆಲ್ಲ ದಂಡೆಯ ಕಡೆಗೆ. ಅಲ್ಲಿ ಸಂಗವ್ವ ತೆರೆಗೆ ಮುಖವಿಟ್ಟು, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಗುಡ್ಡವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತಿದ್ದಳು. ಅವಸರ ಮಾಡಲಿಲ್ಲ. ಒಂದು ಕಡೆ ಎರಡು ಸಲ ನೋಡಿದಳು. ಆಮೇಲೆ ತಲೆಯೆತ್ತಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಓಣಿಯವರಿಗೆ ಕೇಳುವಂತೆ ಹೇಳಿದಳು.

“ನಿಂತೈತಿ. ಹೋಗ್ರಿ, ಒಲಿ ಹಚ್ರಿ.”

ಜನ ಒಳಗೆ ನಡೆದರು.